ಚಾರ್ಜು ತಪ್ಪಿದೆ ಅಂದರೆ ಸಾಲದು

ತೀರ್ಪು ಬಂದಾಗಿನಿಂದ ನಿನ್ನದು ಒಂದೇ ರಾಗ. "ಚಾರ್ಜೇ ತಪ್ಪು ದೊಡ್ಡಪ್ಪ. ತಾರೀಖು ತಪ್ಪು, ಸೆಕ್ಷನ್ ತಪ್ಪು. ಐದು ಜನರ ಮೇಲೆ ಚಾರ್ಜ್ ಹಾಕಿ ಮೂವರಿಗೆ ಶಿಕ್ಷೆ ಕೊಟ್ಟಿದ್ದಾರೆ. ಅಪೀಲಿಗೆ ಹೋದರೆ ಮೊದಲ ಹಿಯರಿಂಗಿಗೇ ಶಿಕ್ಷೆ ಬಿದ್ದುಹೋಗುತ್ತೆ." ಕೊಟ್ಟಿಗೆಹಾರದ ಹೋಟೆಲಿನಲ್ಲಿ ಯಾರೋ ತಿಳಿದವರು ಹೇಳಿದರಂತೆ. ಅವರ ಮಾತು ಪೂರ್ತಿ ಸುಳ್ಳಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದರಲ್ಲಿ ಅರ್ಧ ನಿಜ ಇದೆ, ನನಗೆ ಹೆದರಿಕೆ ಅದಕ್ಕೇ. ಆ ಅರ್ಧವನ್ನು ನಂಬಿಕೊಂಡು ಅಪೀಲು ಕಳೆದುಕೊಂಡವರನ್ನು ಮೂಡಿಗೆರೆ, ಚಿಕ್ಕಮಗಳೂರು ಕೋರ್ಟುಗಳಲ್ಲಿ ಕರಿಕೋಟು ಸವೆಸಿದಷ್ಟು ಕಾಲವೂ ನೋಡಿದ್ದೇನೆ.

ಮೊದಲು ಅವಸರದ್ದು ಮುಗಿಸಿಬಿಡೋಣ. ನಿನ್ನಣ್ಣನಿಗೆ ಶಿಕ್ಷೆ ಕೊಟ್ಟದ್ದು ಮ್ಯಾಜಿಸ್ಟ್ರೇಟ್ ಕೋರ್ಟು. ಹಾಗಾಗಿ ಅಪೀಲು ಹೋಗುವುದು ಚಿಕ್ಕಮಗಳೂರಿನ ಸೆಷನ್ಸ್ ಕೋರ್ಟಿಗೆ, 30 ದಿನದೊಳಗೆ. ಸೆಷನ್ಸ್ ಕೋರ್ಟೇ ಶಿಕ್ಷೆ ಕೊಟ್ಟಿದ್ದರೆ ಬೆಂಗಳೂರಿನ ಹೈಕೋರ್ಟಿಗೆ 60 ದಿನದೊಳಗೆ ಹೋಗಬೇಕಿತ್ತು. ತೀರ್ಪಿನ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ ಅದು ಕೈಗೆ ಬರಲು ಹಿಡಿದ ದಿನಗಳನ್ನು ಈ ಲೆಕ್ಕದಿಂದ ಬಿಡುತ್ತಾರೆ. ತಡವಾದರೆ ಲಿಮಿಟೇಶನ್ ಕಾಯ್ದೆಯ 5ನೇ ಕಲಮಿನಲ್ಲಿ ವಿಳಂಬ ಮನ್ನಾ ಅರ್ಜಿ ಇದೆ ನಿಜ. ಆದರೆ "ಕಾಫಿ ಕೊಯ್ಲು ಇತ್ತು, ಆಳು ಸಿಗಲಿಲ್ಲ, ಆಮೇಲೆ ಬರೋಣ ಅಂದುಕೊಂಡೆವು" ಅನ್ನುವುದನ್ನು ಯಾವ ಜಡ್ಜೂ ಸಕಾರಣ ಅನ್ನುವುದಿಲ್ಲ. ಇನ್ನೊಂದು ಮಾತು. ಎರಡು ವರ್ಷದ ಶಿಕ್ಷೆಯಾದ್ದರಿಂದ ತೀರ್ಪು ಕೊಟ್ಟ ಕೋರ್ಟೇ ಅವನಿಗೆ ಜಾಮೀನು ಕೊಟ್ಟು ಕಳಿಸಿದೆ. ಮೂರು ವರ್ಷ ಮೀರದ ಶಿಕ್ಷೆಗೆ, ಮೊದಲಿಂದ ಜಾಮೀನಿನಲ್ಲಿದ್ದವನಿಗೆ, ಅಪೀಲು ಹಾಕುವಷ್ಟು ಕಾಲ ಅದು ಸಿಗುತ್ತದೆ. ಅದನ್ನೇ ಅಪೀಲಿನ ಜಾಮೀನು ಅಂದುಕೊಂಡು ಮನೆಯಲ್ಲಿ ಕೂರಬೇಡಿ. ಅಪೀಲಿನ ಜೊತೆಗೆ ಶಿಕ್ಷೆ ಅಮಾನತಿನ ಅರ್ಜಿಯನ್ನೂ ಹಾಕಿ ಸೆಷನ್ಸ್ ಕೋರ್ಟಿನಿಂದ ಆದೇಶ ಪಡೆಯಬೇಕು. ಶ್ಯೂರಿಟಿಗೆ ಪಹಣಿ ಯಾರದ್ದು ಅಂತ ಈಗಲೇ ಮಾತಾಡಿಟ್ಟುಕೊ.

ಈಗ ಚಾರ್ಜಿನ ವಿಷಯ. ನೀನು ನನಗೆ ತೋರಿಸಿದ್ದು ಪೊಲೀಸರ ಚಾರ್ಜ್‌ಶೀಟು. ನಾಲ್ಕು ಕಡೆ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ ತಂದಿದ್ದೆ. ಆ ಗೆರೆಗಳಿಂದ ಈಗ ಏನೂ ಆಗದು. ಪೊಲೀಸರು ತನಿಖೆ ಮುಗಿಸಿ ಕೊಡುವ ದೋಷಾರೋಪಣಾ ಪಟ್ಟಿಯೇ ಬೇರೆ, ಕೋರ್ಟು ತಾನೇ ಬರೆದು ಆರೋಪಿಗೆ ಓದಿ ಹೇಳುವ ಚಾರ್ಜೇ ಬೇರೆ. ತನಿಖೆಯಲ್ಲಿ ಲೋಪ ಇದೆ ಅಂದ ಮಾತ್ರಕ್ಕೆ ಮುಗಿದ ವಿಚಾರಣೆ ಬಿದ್ದುಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟು 1950ರ ದಶಕದಲ್ಲೇ ಹೇಳಿ ಮುಗಿಸಿದೆ. ನಮಗೆ ಬೇಕಾದದ್ದು ಎರಡನೆಯದು. ಫೈಲಿನ ಮಧ್ಯದಲ್ಲೆಲ್ಲೋ ಇರುವ ಒಂದೆರಡು ಹಾಳೆ ಅದು. "ಆರೋಪಿಗಳಾದ ನೀವು ಇಂಥ ದಿನ, ಇಷ್ಟು ಗಂಟೆಗೆ, ಇಂಥ ಗ್ರಾಮದ ಇಂಥ ಸರ್ವೆ ನಂಬರಿನಲ್ಲಿ..." ಎಂದು ಶುರುವಾಗುತ್ತದೆ. ಕೆಳಗೆ ಪ್ರಶ್ನೆ ಉತ್ತರ: ಆರೋಪ ಅರ್ಥವಾಯಿತೇ, ಹೌದು. ತಪ್ಪು ಒಪ್ಪುತ್ತೀರಾ, ಇಲ್ಲ, ವಿಚಾರಣೆ ಬೇಕು. ಅದರಡಿ ಸಹಿ ಅಥವಾ ಹೆಬ್ಬೆಟ್ಟು. ಆ ದಿನ ನಿನ್ನಣ್ಣ ಸಹಿ ಹಾಕಿ, ಹೊರಗೆ ಬಂದು ಕಾಫಿ ಕುಡಿದು ಊರಿಗೆ ಬಂದಿರುತ್ತಾನೆ. ಅದರ ನಕಲು ತೆಗೆಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ. ಈ ಹಾಳೆಗಳು ಎಷ್ಟೋ ಸಲ ಚಾರ್ಜ್‌ಶೀಟಿನಿಂದ ಎತ್ತಿ ಬರೆದದ್ದೇ ಆಗಿರುತ್ತವೆ. ಕಂಪ್ಯೂಟರ್ ಬಂದ ಮೇಲೆ ಹಿಂದಿನ ಕೇಸಿನ ಊರಿನ ಹೆಸರು ಹಾಗೇ ಉಳಿದದ್ದನ್ನೂ ನೋಡಿದ್ದೇನೆ, ಯಾವ ಕೋರ್ಟು ಅಂತ ಹೇಳುವುದು ಬೇಡ.

ಚಾರ್ಜಿನಲ್ಲಿ ಅಪರಾಧದ ಹೆಸರು, ಕಲಂ, ದಿನ, ಜಾಗ, ಯಾರ ಮೇಲೆ ನಡೆಯಿತು, ಎಲ್ಲ ಇರಬೇಕು. ದಂಡ ಪ್ರಕ್ರಿಯಾ ಸಂಹಿತೆಯ 211ರಿಂದ 213ನೇ ಕಲಂ ಇದನ್ನೇ ಹೇಳುವುದು, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 234ರಿಂದ ಶುರು. ಇವುಗಳಲ್ಲಿ ತಪ್ಪಿದರೆ ಏನಾಗುತ್ತದೆ ಅನ್ನುವುದು ಮುಂದಿನ 215ನೇ ಕಲಮಿನಲ್ಲಿದೆ. ಅದರ ಕೆಳಗೆ ಕೊಟ್ಟ ಎರಡು ಉದಾಹರಣೆ ನನಗೆ ಯಾವ ದೊಡ್ಡ ತೀರ್ಪಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿವೆ. ಒಂದರಲ್ಲಿ, 1882ರ ಜನವರಿ 21ರಂದು ಖುದಾ ಬಕ್ಷನನ್ನು ಕೊಂದ ಅಂತ ಚಾರ್ಜು. ನಿಜಕ್ಕೂ ಸತ್ತವನು ಹೈದರ್ ಬಕ್ಷ, ಅದೂ 20ರಂದು. ಹೆಸರೂ ತಪ್ಪು, ತಾರೀಖೂ ತಪ್ಪು. ಆದರೆ ಆರೋಪಿಯ ಮೇಲೆ ಇದ್ದದ್ದು ಅದೊಂದೇ ಕೊಲೆ ಕೇಸು. ಕೆಳಗಿನ ಕೋರ್ಟಿನ ವಿಚಾರಣೆಯಲ್ಲಿ ಹೈದರನ ವಿಷಯವೇ ನಡೆದದ್ದನ್ನು ಅವನು ಕಿವಿಯಾರೆ ಕೇಳಿದ್ದ. ಹಾಗಾಗಿ ದಾರಿ ತಪ್ಪಲಿಲ್ಲ, ತಪ್ಪು ಲೆಕ್ಕಕ್ಕಿಲ್ಲ. ಇನ್ನೊಂದರಲ್ಲಿ ಎರಡೂ ಕೊಲೆ ನಡೆದಿವೆ. ಹೈದರನ ಕೊಲೆಯ ಚಾರ್ಜಿನಲ್ಲಿ ಖುದಾ ಬಕ್ಷನ ಕೊಲೆಯ ವಿಚಾರಣೆ ಮಾಡಿಬಿಟ್ಟರು. ಆರೋಪಿ ಕರೆತಂದ ಸಾಕ್ಷಿಗಳು ಹೈದರನ ಕೇಸಿನವರು. ಇಲ್ಲಿ ಅವನು ದಾರಿ ತಪ್ಪಿದ, ಆದ್ದರಿಂದ ಇದು ದೊಡ್ಡ ತಪ್ಪು. ಕಾನೂನು ನೋಡುವುದು ಕಾಗದದ ತಪ್ಪನ್ನಲ್ಲ, ಆ ತಪ್ಪಿನಿಂದ ನಿನ್ನ ಸಾಕ್ಷಿಗಳು ಎಲ್ಲಿಗೆ ಹೋದರು ಅನ್ನುವುದನ್ನು. ಬೇಲಿ ಮುರಿದಿದೆ ಅಂತ ಫೋಟೋ ತೆಗೆದು ತಂದರೆ ಸಾಲದು ಕಣೋ, ದನ ಒಳಗೆ ನುಗ್ಗಿ ಯಾವ ಗಿಡ ತಿಂದಿತು ಅಂತ ತೋರಿಸಬೇಕು.

ಹಿಂದೆ ಹೀಗಿರಲಿಲ್ಲ. 1901ರಲ್ಲಿ ಮದ್ರಾಸಿನ ಸುಬ್ರಹ್ಮಣ್ಯ ಅಯ್ಯರ್ ಕೇಸು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಎರಡು ವರ್ಷದ ಅವಧಿಯ 41 ಕೃತ್ಯಗಳನ್ನು ಒಂದೇ ವಿಚಾರಣೆಗೆ ತುರುಕಿದ್ದರು. ಒಂದು ವರ್ಷದೊಳಗಿನ ಒಂದೇ ಬಗೆಯ ಮೂರು ಅಪರಾಧ ಮೀರುವಂತಿಲ್ಲ ಅಂತ ಕಾನೂನು. ಶಿಕ್ಷೆಯನ್ನೇ ರದ್ದು ಮಾಡಿದರು. (ಹೊಸ ಸಂಹಿತೆಯಲ್ಲಿ ಆ ಮೂರು ಐದಾಗಿದೆ. ಗೋಡೌನಿನಿಂದ ಕಾಳುಮೆಣಸಿನ ಚೀಲ ಮತ್ತೆ ಮತ್ತೆ ಕದ್ದ ಕೇಸುಗಳಲ್ಲಿ ಇದನ್ನು ನೋಡಬೇಕಾಗುತ್ತದೆ.) ಹೋಟೆಲಿನ ತಿಳಿದವರ ತಲೆಯಲ್ಲಿರುವುದು ಆ ಕಾಲದ ಕಾನೂನು. ಅದನ್ನು ತಿರುಗಿಸಿದ್ದು ಸ್ಲೇನಿ ಕೇಸು, 1955ರ ಅಕ್ಟೋಬರ್ 31ರದ್ದು, ಐದು ಜಡ್ಜರ ಪೀಠ. ಜಬಲ್ಪುರದಲ್ಲಿ ಅಣ್ಣತಮ್ಮ ಇಬ್ಬರ ಮೇಲೆ ದಂಡ ಸಂಹಿತೆಯ 34ನೇ ಕಲಂ (ಸಮಾನ ಉದ್ದೇಶ) ಸೇರಿಸಿ ಕೊಲೆ ಕೇಸು. ಸಹೋದರ ಖುಲಾಸೆಯಾದ. ಉಳಿದವನು ಕೇಳಿದ್ದು ನೀನು ಕೇಳುತ್ತಿರುವುದನ್ನೇ: ಒಟ್ಟಿಗೆ ಮಾಡಿದಿರಿ ಅಂತ ಚಾರ್ಜು, ನಾನೊಬ್ಬನೇ ಮಾಡಿದೆ ಅಂತ ಬೇರೆ ಚಾರ್ಜಿಲ್ಲ, ಹಾಗಾದರೆ ಶಿಕ್ಷೆ ಹೇಗೆ? ಕೋರ್ಟು ಒಪ್ಪಲಿಲ್ಲ. ಏನು ಆರೋಪ ಅಂತ ಅವನಿಗೆ ಗೊತ್ತಿತ್ತು, ವಾದಕ್ಕೆ ಅವಕಾಶ ಸಿಕ್ಕಿತ್ತು, ಅನ್ಯಾಯ ಆಗಿಲ್ಲ ಅಂದರು. ಆದರೆ ಅದೇ ತೀರ್ಪಿನಲ್ಲಿ, ಹಾಕಿ ಸ್ಟಿಕ್ಕಿನ ಒಂದೇ ಏಟು ಅನ್ನುವುದನ್ನು ನೋಡಿ ಕೊಲೆಯ ಶಿಕ್ಷೆ ತೆಗೆದು 304ರ ಎರಡನೇ ಭಾಗಕ್ಕೆ ಇಳಿಸಿದರು. ಚಾರ್ಜಿನ ವಾದದಲ್ಲಿ ಸೋತವನು ಸಾಕ್ಷ್ಯದ ವಾದದಲ್ಲಿ ಉಳಿದುಕೊಂಡ. 2023ರಲ್ಲಿ ತಮಿಳುನಾಡಿನ ಸೌಂದರರಾಜನ್ ಎಂಬ ಲಂಚದ ಕೇಸಿನಲ್ಲೂ ಅದೇ ಕತೆ. ಚಾರ್ಜು ಸರಿಯಾಗಿ ಬರೆದಿಲ್ಲ, ಕೆಳಗಿನ ಕೋರ್ಟುಗಳೂ ಸರ್ಕಾರಿ ವಕೀಲರೂ ಎಚ್ಚರ ವಹಿಸಬೇಕು ಅಂತ ಸುಪ್ರೀಂ ಕೋರ್ಟು ಬೇಸರಪಟ್ಟುಕೊಂಡಿತು. ಆದರೆ ಅದರಿಂದ ನಿನಗೆ ನಷ್ಟವಾಗಿಲ್ಲ ಅಂತ ಆ ವಾದವನ್ನು ಪಕ್ಕಕ್ಕಿಟ್ಟಿತು. ಕೊನೆಗೆ ಬಿಟ್ಟದ್ದು, ಲಂಚ ಕೇಳಿದ್ದು ರುಜುವಾತಾಗಿಲ್ಲ ಅಂತ.

ಹಾಗಾದರೆ ಚಾರ್ಜಿನ ತಪ್ಪಿನಿಂದ ಯಾರೂ ಗೆದ್ದೇ ಇಲ್ಲವೇ? ಗೆದ್ದಿದ್ದಾರೆ. 2010ರಲ್ಲಿ ಹರಿಯಾಣದ ಒಂದು ಕೇಸಿನಲ್ಲಿ ಅತ್ತೆಯ ಮಾನಭಂಗಕ್ಕೆ ಯತ್ನಿಸಿದ ಅಂತ ಚಾರ್ಜು, ಸಾಕ್ಷ್ಯ ಬಂದದ್ದೆಲ್ಲ ಸೊಸೆಯ ವಿಷಯದಲ್ಲಿ. ಸುಪ್ರೀಂ ಕೋರ್ಟು ಶಿಕ್ಷೆ ರದ್ದು ಮಾಡಿತು. ನಮ್ಮ ಕರ್ನಾಟಕದಿಂದಲೇ ಹೋಗಿ 2001ರ ಜನವರಿಯಲ್ಲಿ ತೀರ್ಮಾನವಾದ ಮುಲ್ತಾನಿ ಕೇಸನ್ನು ನಿಮ್ಮ ವಕೀಲರಿಗೆ ಹೆಸರು ಹೇಳಿ ಕೊಡು. ಹೆಂಡತಿಯನ್ನು ಕೊಂದ ಅಂತ ಗಂಡನ ಮೇಲೆ 302ರ ಚಾರ್ಜು. ಸೆಷನ್ಸ್ ಕೋರ್ಟು ಬಿಟ್ಟಿತು. ಹೈಕೋರ್ಟು ಕೊಲೆಯಲ್ಲ ಅಂತ ಒಪ್ಪಿದರೂ ವರದಕ್ಷಿಣೆ ಸಾವು ಅಂತ 304ಬಿ ಅಡಿ ಶಿಕ್ಷೆ ಕೊಟ್ಟಿತು. ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಕೊಲೆ ಕೇಸಿನಲ್ಲಿ ಎಲ್ಲವನ್ನೂ ರುಜುವಾತು ಮಾಡುವ ಹೊರೆ ಸರ್ಕಾರದ ಮೇಲೆ, ಆರೋಪಿ ಬಾಯಿ ಬಿಡದೆ ಕೂತಿದ್ದರೂ ನಡೆಯುತ್ತದೆ. ವರದಕ್ಷಿಣೆ ಸಾವಿನಲ್ಲಿ ಹಾಗಲ್ಲ, ಕೆಲವು ಸಂಗತಿ ರುಜುವಾತಾದರೆ ಅವನೇ ಕಾರಣ ಅಂತ ಕೋರ್ಟು ಊಹಿಸಿಕೊಳ್ಳಲೇಬೇಕು, ಅಲ್ಲ ಅಂತ ತೋರಿಸುವ ಹೊರೆ ಅವನ ಮೇಲೆ ಬರುತ್ತದೆ. ಆ ಹೊರೆ ನಿನ್ನ ಮೇಲಿದೆ ಅಂತ ಹೇಳದೆಯೇ ಹೊರಲಿಲ್ಲ ಅಂತ ಶಿಕ್ಷಿಸಿದರೆ ಅದು ನ್ಯಾಯವಲ್ಲ. ನಷ್ಟ ತೋರಿಸುವುದು ಅಂದರೆ ಹೀಗೆ. ಆದರೆ ಆ ಮನುಷ್ಯ ಗೆದ್ದು ಮನೆಗೆ ಹೋಗಲಿಲ್ಲ. ಈ ಆರೋಪಕ್ಕೆ ಉತ್ತರ ಕೊಡಲು ಅವಕಾಶ ಕೊಡಿ ಅಂತ ಕೇಸನ್ನು ಮತ್ತೆ ಸೆಷನ್ಸ್ ಕೋರ್ಟಿಗೆ ಕಳಿಸಿದರು.

ಇದನ್ನು ಯಾರೂ ನಿನಗೆ ಹೇಳಿಲ್ಲ ಅಂತ ಕಾಣುತ್ತದೆ. ಚಾರ್ಜಿನ ತಪ್ಪಿನಿಂದ ಅನ್ಯಾಯ ಆಗಿದೆ ಅಂತ ಅಪೀಲು ಕೋರ್ಟಿಗೆ ಅನ್ನಿಸಿದರೆ 464ನೇ ಕಲಂ (ಹೊಸದರಲ್ಲಿ 510) ಅದರ ಕೈಗೆ ಕೊಡುವ ಮೊದಲ ಅಸ್ತ್ರ ಬಿಡುಗಡೆಯಲ್ಲ, ಹೊಸ ವಿಚಾರಣೆ. ರುಜುವಾತಾದ ಸಂಗತಿಗಳ ಮೇಲೆ ಯಾವ ಚಾರ್ಜನ್ನೂ ಹಾಕಲು ಬರುವುದಿಲ್ಲ ಅನ್ನಿಸಿದರೆ ಮಾತ್ರ ಶಿಕ್ಷೆ ರದ್ದು. ಹೊಸ ವಿಚಾರಣೆ ಅಂದರೆ ಮತ್ತೆ ಮೊದಲಿಂದ ಸಮನ್ಸು, ಮತ್ತೆ ಕಳಸದಿಂದ ಮೂಡಿಗೆರೆಗೆ ಮೊದಲ ಬಸ್ಸು, ಮಳೆಗಾಲದಲ್ಲಿ ಮರ ಬಿದ್ದರೆ ವಾರಂಟು. ಅಪೀಲು ಮೆಮೊದ ಕೊನೆಯಲ್ಲಿ ಪರ್ಯಾಯವಾಗಿ ಮರುವಿಚಾರಣೆಗೆ ಕಳಿಸಿ ಅಂತ ಸಲೀಸಾಗಿ ಟೈಪ್ ಮಾಡಿಬಿಡುತ್ತಾರೆ. ಆ ಸಾಲು ಇರಬೇಕೋ ಬೇಡವೋ ಅಂತ ಅಣ್ಣನನ್ನು ಕೂರಿಸಿಕೊಂಡು ಮಾತಾಡಿ ತೀರ್ಮಾನಿಸಿ.

ಈಗ ನಿಮ್ಮ ಕೇಸು. ಫೆಬ್ರುವರಿಯಲ್ಲಿ ಹೂಮಳೆ ಕೈಕೊಟ್ಟು, ಎಲ್ಲರೂ ಹಳ್ಳಕ್ಕೆ ಮೋಟಾರಿಟ್ಟು ಸ್ಪ್ರಿಂಕ್ಲರ್ ಓಡಿಸುವ ಹೊತ್ತಿಗೇ ನಮ್ಮ ಕಡೆ ಅರ್ಧ ಜಗಳ ಹುಟ್ಟುವುದು. ನಿಮ್ಮದೂ ಅದೇ. ತಾರೀಖಿನ ತಪ್ಪನ್ನು ಬಿಟ್ಟುಬಿಡು. ಚಾರ್ಜಿನಲ್ಲಿ 13 ಅಂತಿದೆ, ದೂರು, ಮಹಜರು, ಗಾಯದ ಸರ್ಟಿಫಿಕೇಟು ಎಲ್ಲದರಲ್ಲೂ 12. ನಿನ್ನಣ್ಣನೇ, ಕೋರ್ಟು ಪ್ರಶ್ನೆ ಕೇಳಿ ಬರೆದುಕೊಂಡ 313ರ ಹೇಳಿಕೆಯಲ್ಲಿ, 12ರಂದು ಬೆಳಿಗ್ಗೆ ನಾನು ಪಂಪ್‌ಹೌಸಿನಲ್ಲಿದ್ದೆ ಅಂದಿದ್ದಾನೆ. ಯಾವ ದಿನದ ಗಲಾಟೆ ಅಂತ ಅವನಿಗೆ ಗೊತ್ತಿತ್ತು ಅನ್ನುವುದಕ್ಕೆ ಅವನ ಬಾಯಿಂದಲೇ ಪುರಾವೆ. ಇದನ್ನು ಮೊದಲ ಗ್ರೌಂಡ್ ಮಾಡಿದರೆ ಜಡ್ಜರು ಎರಡನೆಯದನ್ನು ಓದುವ ಹೊತ್ತಿಗೆ ಬೇಸತ್ತಿರುತ್ತಾರೆ.

ಹುರುಳಿರುವುದು ಚಾರ್ಜಿನಲ್ಲಿದ್ದ 149ನೇ ಕಲಮಿನಲ್ಲಿ. ಆ ಕಲಮಿಗೆ ಕನಿಷ್ಠ ಐದು ಜನರ ಅಕ್ರಮ ಕೂಟ ಬೇಕು. ಇಬ್ಬರು ಖುಲಾಸೆಯಾದರು, ಗುರುತು ಸಿಗದ ಬೇರೆಯವರಿದ್ದರು ಅಂತ ಯಾರೂ ಹೇಳಿಲ್ಲ. ಹಾಗಾಗಿ ಜಡ್ಜರು 149 ಕೈಬಿಟ್ಟು 34 ಹಾಕಿ ಉಳಿದ ಮೂವರಿಗೆ 326ರಲ್ಲಿ (ಅಪಾಯಕಾರಿ ಆಯುಧದಿಂದ ತೀವ್ರ ಗಾಯ) ಶಿಕ್ಷೆ ಕೊಟ್ಟಿದ್ದಾರೆ. ಚಾರ್ಜಿನಲ್ಲಿಲ್ಲದ 34 ಎಲ್ಲಿಂದ ಬಂತು ಅಂತ ನೀನು ಕೂಗಾಡಬಹುದು. ಹಾಗೆ ಮಾಡಲು ಬರುತ್ತದೆ ಅಂತ ಸುಪ್ರೀಂ ಕೋರ್ಟು ಹಲವು ಸಲ ಹೇಳಿದೆ, ಸಾಕ್ಷ್ಯದಲ್ಲಿ ಸಮಾನ ಉದ್ದೇಶ ಕಂಡರೆ, ಆರೋಪಿಗೆ ನಷ್ಟವಾಗಿರದಿದ್ದರೆ. ಆ ಎರಡು "ರೆ"ಗಳ ಮೇಲೆ ನಿಮ್ಮ ಅಪೀಲು ನಿಲ್ಲಬೇಕು. 149ಕ್ಕೆ ಗುಂಪಿನಲ್ಲಿದ್ದೆ ಅಂದರೆ ಸಾಕು. 34ಕ್ಕೆ ಎಲ್ಲರ ಮನಸ್ಸೂ ಒಂದಾಗಿತ್ತು, ನೀನೂ ಕೈಹಾಕಿದೆ ಅಂತ ತೋರಿಸಬೇಕು. ನಾನು ಡಿಪೊಸಿಷನ್ ಓದಿದೆ. ಮೂರನೇ ಸಾಕ್ಷಿ ಮುಖ್ಯ ವಿಚಾರಣೆಯಲ್ಲೇ, ಬೊಬ್ಬೆ ಕೇಳಿ ಒಂದನೇ ಆರೋಪಿ, ಅಂದರೆ ನಿನ್ನಣ್ಣ, ಪಂಪ್‌ಹೌಸಿನಿಂದ ಓಡಿ ಬಂದ ಅಂದಿದ್ದಾನೆ. ಜಗಳ ಹತ್ತಿದ ಮೇಲೆ ಬಂದವನಿಗೆ ಮೊದಲೇ ಕೂಡಿ ಮಾಡಿದ ಉದ್ದೇಶ ಎಲ್ಲಿಂದ? ಅಲ್ಲೇ ನಿಂತು ಸಿದ್ಧವಾಯಿತು ಅಂತ ಸರ್ಕಾರಿ ವಕೀಲರು ಹೇಳುತ್ತಾರೆ, ಕಾನೂನಿನಲ್ಲಿ ಅದಕ್ಕೂ ಜಾಗ ಇದೆ. ಆದರೆ 34ರ ಚಾರ್ಜು ಇದ್ದಿದ್ದರೆ ನಿಮ್ಮ ವಕೀಲರು ಆ ಸಾಕ್ಷಿಯನ್ನು ಪಾಟಿ ಸವಾಲಿನಲ್ಲಿ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಓಡಿ ಬಂದವನ ಕೈಯಲ್ಲಿ ಏನಿತ್ತು, ಅಷ್ಟರಲ್ಲಿ ಕತ್ತಿಯ ಏಟು ಬಿದ್ದಾಗಿತ್ತೇ, ಮೂಳೆ ಮುರಿದದ್ದು ಯಾರ ಏಟಿನಿಂದ, ಯಾವುದನ್ನೂ ಕೇಳಿಲ್ಲ. ಅವರು ಪೂರ್ತಿ ಎರಡು ದಿನ ಹೋರಾಡಿದ್ದು ಸ್ಥಳದಲ್ಲಿ ಐದು ಜನ ಇದ್ದರೋ ಇಲ್ಲವೋ ಅಂತ. ಚಾರ್ಜು ಅವರನ್ನು ಅಲ್ಲಿಗೆ ಕಟ್ಟಿಹಾಕಿತ್ತು. ಅಪೀಲು ಮೆಮೊದಲ್ಲಿ ಇದು ಪುಟದ ನಂಬರು ಸಮೇತ ಇರಬೇಕು. ವಕೀಲರು ಆಗ ಯಾಕೆ ತಕರಾರು ಎತ್ತಲಿಲ್ಲ ಅಂತ ಕೋರ್ಟು ಖಂಡಿತ ಕೇಳುತ್ತದೆ, ಪ್ರಕ್ರಿಯಾ ಸಂಹಿತೆಯ 465ರಲ್ಲೇ ಹಾಗಿದೆ. ಇಲ್ಲಿ ಉತ್ತರ ಸುಲಭ: 34 ಕಾಣಿಸಿಕೊಂಡದ್ದೇ ತೀರ್ಪಿನಲ್ಲಿ. ನಡುವೆ ಚಾರ್ಜು ಬದಲಿಸಿದ್ದರೆ ಸಾಕ್ಷಿಗಳನ್ನು ಮತ್ತೆ ಕರೆಸುವ ಹಕ್ಕು ಸಿಗುತ್ತಿತ್ತು, ಅದೂ ಸಿಗಲಿಲ್ಲ.

ಇಷ್ಟಾದರೂ ಇದನ್ನು ಎರಡನೇ ಗ್ರೌಂಡ್ ಮಾಡಿ ಅನ್ನುವವನು ನಾನು. ಮೊದಲನೆಯದು, ಅಣ್ಣನ ಕೈಯಲ್ಲಿ ಕತ್ತಿ ಇತ್ತು ಅಂತ ಗಾಯಾಳು ಒಬ್ಬನೇ ಹೇಳಿದ್ದಾನೆ, ಉಳಿದವರು ದೊಣ್ಣೆ ಅಂದಿದ್ದಾರೆ ಅನ್ನುವುದು. ಅದು ನಿಂತರೆ 326 ಇಳಿದು 325 ಆಗಲೂಬಹುದು. 325ಕ್ಕೆ ಕೋರ್ಟಿನ ಅನುಮತಿಯಿಂದ ರಾಜಿಗೆ ದಾರಿಯಿದೆ, 326ಕ್ಕಿಲ್ಲ. ಪಕ್ಕದ ತೋಟದವರ ಜೊತೆ ಮಾತು ಬಿಟ್ಟು ಎಷ್ಟು ವರ್ಷ ಇರುತ್ತೀರಿ ಮಾರಾಯ, ಹಳ್ಳ ಇಬ್ಬರದ್ದೂ ಒಂದೇ.

ಅಪೀಲು ಹಾಕಿದರೆ ಶಿಕ್ಷೆ ಜಾಸ್ತಿಯಾಗುತ್ತದೆ ಅಂತ ನಿಮ್ಮಮ್ಮ ಹೆದರಿದ್ದಾರಂತೆ. ನೀವು ಹಾಕಿದ ಅಪೀಲಿನಲ್ಲಿ ಶಿಕ್ಷೆ ಏರಿಸುವಂತಿಲ್ಲ. ಏರಿಸಬೇಕಾದರೆ ಸರ್ಕಾರ ಬೇರೆಯೇ ಬರಬೇಕು, ನಿಮಗೆ ನೋಟಿಸು ಬರಬೇಕು.

ನಿಮ್ಮ ಲೈನುಮನೆಯ ಅಸ್ಸಾಮಿನ ಹುಡುಗನನ್ನು ಎಲ್ಲರೂ ಮರೆತಿದ್ದೀರಿ. ಮೂರನೇ ಆರೋಪಿ ಅವನು. ಪಹಣಿ ಇರುವ ಶ್ಯೂರಿಟಿ ಸಿಗದೆ ಒಳಗೇ ಇದ್ದಾನೆ. ಚಾರ್ಜನ್ನು ಅವನಿಗೆ ಓದಿ ಹೇಳಿದ್ದು ಕನ್ನಡದಲ್ಲಿ, ಆರ್ಡರ್‌ಶೀಟಿನಲ್ಲಿ ದುಭಾಷಿಯ ಸುದ್ದಿಯೇ ಇಲ್ಲ. ನಮ್ಮ ತೋಟಗಳಲ್ಲಿ ತಮಿಳು, ತುಳು, ಮಲಯಾಳ ಮಾತಾಡುವವರಿಗೆ ಹೇಗೋ ಅರ್ಥವಾಗುತ್ತಿತ್ತು. ಈಗ ಬರುವವರಿಗೆ "ಅರ್ಥವಾಯಿತೇ" ಅನ್ನುವ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಚಾರ್ಜಿನ ತಪ್ಪಿನ ವಾದಕ್ಕೆ ನಿನ್ನಣ್ಣನಿಗಿಂತ ಅವನ ಕೇಸು ಗಟ್ಟಿ. ವಕೀಲರಿದ್ದರಲ್ಲ, ಪಾಟಿ ಸವಾಲು ಆಗಿದೆಯಲ್ಲ ಅಂತ ಸರ್ಕಾರ ಹೇಳುತ್ತದೆ, ಹೇಳಲಿ. ಜೈಲಿನಲ್ಲಿರುವವನು ಜೈಲಿನ ಅಧಿಕಾರಿಯ ಮೂಲಕವೇ ಅಪೀಲು ಕಳಿಸಬಹುದು, ಆದಾಯ ಎಷ್ಟೇ ಇರಲಿ, ಬಂಧನದಲ್ಲಿರುವವನಿಗೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟು ಬಾ. ಅವನಿಗೂ ಅದೇ 30 ದಿನ.

ಇನ್ನೊಂದು ಎಚ್ಚರ, ಇದು ನಿಮ್ಮ ಕೇಸಿಗಲ್ಲ, ನಿನ್ನ ಸ್ನೇಹಿತ ಆ ಜೀಪಿನ ಹುಡುಗನಿಗೆ. ಚಾರ್ಮಾಡಿ ಘಾಟಿಯಲ್ಲಿ ಅಪಘಾತವಾದದ್ದು 2024ರ ಜುಲೈ 1ಕ್ಕಿಂತ ಮೊದಲು, ಆದರೆ ತನಗೆ ಹೊಸ ನ್ಯಾಯ ಸಂಹಿತೆಯ 106 ಹಾಕಿದ್ದಾರೆ ಅಂತ ಅವನು ಹೇಳಿದ. ನಿಜವಾಗಿದ್ದರೆ ಅದು ಬರೀ ನಂಬರಿನ ತಪ್ಪಲ್ಲ. ಹಳೆಯ 304ಎಗೆ ಹೆಚ್ಚೆಂದರೆ ಎರಡು ವರ್ಷ, ಹೊಸದಕ್ಕೆ ಐದು. ಕೃತ್ಯ ನಡೆದ ದಿನ ಇಲ್ಲದ ಹೆಚ್ಚಿನ ಶಿಕ್ಷೆ ಕೊಡುವಂತಿಲ್ಲ ಅಂತ ಸಂವಿಧಾನದ 20ನೇ ವಿಧಿಯೇ ಹೇಳುತ್ತದೆ. ಅವನ ಕೇಸು ಇನ್ನೂ ನಡೆಯುತ್ತಿದೆಯಲ್ಲ, ಅಪೀಲಿನವರೆಗೆ ಕಾಯದೆ ಈಗಲೇ ಚಾರ್ಜು ಬದಲಿಸಿ ಅಂತ ಅರ್ಜಿ ಹಾಕಲಿ.

ಅಪೀಲು ಅಡ್ಮಿಟ್ ಆದ ಮೇಲೆ ವಕೀಲರ ಕೈಗೆ ಫೈಲು ಕೊಟ್ಟು ಮರೆತುಬಿಡಬೇಡ. ವಕೀಲರು ಬರಲಿಲ್ಲ ಅಂತ ಕ್ರಿಮಿನಲ್ ಅಪೀಲನ್ನು ವಜಾ ಮಾಡುವಂತಿಲ್ಲ ನಿಜ. ಆದರೆ ಅವರಿಲ್ಲದೆಯೇ ದಾಖಲೆ ಓದಿ ತೀರ್ಪು ಕೊಡಬಹುದು, ಕರ್ನಾಟಕದ ಒಂದು ಕೇಸಿನಲ್ಲೇ 2013ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ನಮ್ಮ 34ರ ವಾದ ಬಾಯಿಬಿಟ್ಟು ಹೇಳುವವರಿಲ್ಲದೆ ದಾಖಲೆಯಿಂದ ತಾನಾಗಿ ಎದ್ದು ಬರುವಂಥದ್ದಲ್ಲ.

ತೀರ್ಪಿನ ಮೊದಲ ಪ್ರತಿ ಪುಕ್ಕಟೆ ಕೊಟ್ಟಿರುತ್ತಾರೆ. ಉಳಿದವುಗಳ ಸರ್ಟಿಫೈಡ್ ಕಾಪಿಗೆ, ಅಂದರೆ ಚಾರ್ಜು, ಮೂರನೇ ಸಾಕ್ಷಿಯ ಪೂರ್ತಿ ಡಿಪೊಸಿಷನ್, 313ರ ಹೇಳಿಕೆ, ಚಾರ್ಜು ಓದಿದ ದಿನದ ಆರ್ಡರ್‌ಶೀಟು, ಸೋಮವಾರವೇ ಕಾಪಿಯಿಂಗ್ ಸೆಕ್ಷನ್ನಿನಲ್ಲಿ ಅರ್ಜಿ ಕೊಡು. ಬೆಳಿಗ್ಗೆ ಹನ್ನೊಂದರೊಳಗೆ ಹೋಗು, ಊಟದ ಹೊತ್ತು ಕಳೆದರೆ ಅಲ್ಲಿನ ಗುಮಾಸ್ತರು ಸಿಗುವುದು ಕಷ್ಟ.